ಮುಂದ ಬರೂ ಗಾಡಿ ಹಿಂದೊಮ್ಮೆ ಬಂದು ಹೋಗೇದ

ಈಗ ಯಾರ ಮನಿಗೆ ಅರಿಷಿಣ-ಕುಂಕುಮಕ್ಕ ಹೋದ್ರೂ ಕಾರಿನ ಮಾತು ಬಂದ ಬರ್ತದ. ಕರೆಂಟಿನ ಗಾಡಿ ತಗೊಳ್ಳೋದೋ, ಪೆಟ್ರೋಲಿಂದೋ? "ನಡು ಹಾದ್ಯಾಗ ಚಾರ್ಜ್ ಮುಗದ್ರ ಏನ್ ಮಾಡೋದ್ರಿ ವೈನಿ?" ಅಂತ ಒಬ್ಬಾಕಿ. "ಅದು ಈಗರ ಬಂದದ, ನಾಕು ಮಂದಿ ತಗೊಳ್ಳಿ, ಆಮ್ಯಾಲೆ ನೋಡೋಣು" ಅಂತ ಇನ್ನೊಬ್ಬಾಕಿ. ಹತ್ತಿಪ್ಪತ್ತು ಲಕ್ಷದ ಮಾತು, ವಿಚಾರ ಮಾಡಲಿಕ್ಕೇ ಬೇಕು. ಆದ್ರ ಈಗರ ಬಂದದ ಅನ್ನೋದು ಮಾತ್ರ ಖರೇ ಅಲ್ಲ.

ಮೊದಲು ಪೆಟ್ರೋಲಿನ ಕಥಿ ಕೇಳ್ರಿ. ನಮ್ಮ ಅಜ್ಜಿಯವರ ಕಾಲಕ್ಕ ನೆಲದಾಗಿನ ಎಣ್ಣಿ ಅಂದ್ರ ಚಿಮಣಿ ಎಣ್ಣಿ. ದೀಪಕ್ಕ ಅದು ಬೇಕಾಗಿತ್ತು, ಅದರ ಸಲುವಾಗಿನೇ ಕಚ್ಚಾ ಎಣ್ಣಿ ಕಾಸಿ ಸೋಸತಿದ್ರು. ಆವಾಗ ಮ್ಯಾಲೆ ಬರೂ ತೆಳ್ಳಗಿನ, ಭಗ್ಗನ ಹತ್ಕೊಳ್ಳೋ ಎಣ್ಣಿ ಯಾರಿಗೂ ಬ್ಯಾಡಾಗಿತ್ತು. ಎಷ್ಟೋ ಕಡೆ ಚೆಲ್ಲಿಬಿಡತಿದ್ರು. ಅಂಥಾದ್ರಾಗ ಸ್ವಲ್ಪ ಔಷಧದ ಅಂಗಡ್ಯಾಗ ಬಾಟಲಿಗೆ ಹಾಕಿ ಅರಿವಿ ಮ್ಯಾಲಿನ ಕಲೆ ತಗೀಲಿಕ್ಕೆ ಮಾರತಿದ್ರು. ಪೆಟ್ರೋಲಿನ ಬಾಳೇವು ಶುರುವಾದದ್ದು ಹಂಗ.

ಜರ್ಮನಿಯೊಳಗ ಕಾರ್ಲ್ ಬೆಂಜ್ ಅನ್ನಾಂವ 1886ರಾಗ ಮೂರು ಗಾಲಿ ಗಾಡಿಗೆ ಪೇಟೆಂಟ್ ತಗೊಂಡ. ಗಾಡಿ ಆತು, ಕೊಳ್ಳೋರಿಲ್ಲ. ಅವನ ಹೆಂಡತಿ ಬರ್ಥಾ ಲಗ್ನಕ್ಕಿಂತ ಮೊದಲೇ ತನ್ನ ಪಾಲಿನ ರೊಕ್ಕ ತರಿಸಿ ಅವನ ಕಾರಖಾನಿಗೆ ಹಾಕಿದಾಕಿ. ತನ್ನ ರೊಕ್ಕ ಹಿಂಗ ಮೂಲಿ ಹಿಡದು ಕೂತದ್ದು ನೋಡಿಕೋತ ಆಕಿ ಎಷ್ಟು ದಿನ ಸುಮ್ಮನಿರತಾಳ? 1888ರ ಆಗಸ್ಟ್ ತಿಂಗಳಾಗ, ಒಂದಿನ ಬೆಳಿಗ್ಗೆ, ಗಂಡಗ ಹೇಳದನ ಇಬ್ಬರು ಮಕ್ಕಳನ್ನ ಕರಕೊಂಡು ಆ ಗಾಡಿ ತಗದು ಹೊಂಟ್ಲು. ಎಲ್ಲಿಗೆ? ತವರುಮನಿಗೆ! ಮ್ಯಾನ್‌ಹೈಮ್‌ದಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗಿಂತ ಒಂದೀಟು ಹೆಚ್ಚು. ಅಷ್ಟು ದೂರ ಅಲ್ಲಿತನಕಾ ಯಾರೂ ಕಾರಿನಾಗ ಹೋಗಿರಲಿಲ್ಲ.

ನಡು ಹಾದ್ಯಾಗ ಎಣ್ಣಿ ಮುಗೀತು. ಬಂಕ್ ಎಲ್ಲಿಂದ ಬರಬೇಕು? ವೀಸ್ಲೋಖ್ ಅನ್ನೋ ಊರಾಗಿನ ಔಷಧದಂಗಡಿಗೆ ಹೋಗಿ ಕಲೆ ತಗಿಯೋ ಎಣ್ಣಿ ಕೊಂಡು ಹಾಕಿದ್ಲು. ಜಗತ್ತಿನ ಮೊದಲನೇ ಪೆಟ್ರೋಲ್ ಬಂಕ್ ಅಂತ ಇವತ್ತಿಗೂ ಆ ಅಂಗಡಿಗೆ ಹೆಸರದ. ಎಣ್ಣಿ ಕೊಳವಿ ಕಟ್ಟಿಕೊಂಡ್ರ ಟೊಪ್ಪಿಗಿ ಪಿನ್ ಚುಚ್ಚಿ ಬಿಡಿಸಿದ್ಲು. ಬ್ರೇಕ್ ಸವದ್ರ ಚಮ್ಮಾರನ ಕಡೆ ತೊಗಲು ಬಡಿಸಿದ್ಲು. ಏರು ಬಂದಲ್ಲಿ ಹುಡುಗರು ಇಳದು ನೂಕಿದ್ರು. ಸಂಜಿಗೆ ಮುಟ್ಟಿ ಗಂಡಗ ತಾರು ಕಳಿಸಿದ್ಲು. ಚಾರ್ಜಿಂಗ್ ಎಲ್ಲಿ ಸಿಗ್ತದ ಅಂತ ಅಂಜೋರು ಈ ಬಾಯಿನ್ನ ಒಮ್ಮೆ ನೆನಸ್ರಿ. ಪೆಟ್ರೋಲಿಗೂ ಮೊದಲು ಅಂಗಡಿ ಇರಲಿಲ್ಲ. ಗಾಡಿ ಹೆಚ್ಚಾದ ಮ್ಯಾಲೆ ಅಂಗಡಿ ಬಂದ್ವು.

ಹಂಗಂತ ಮುಂದ ಪೆಟ್ರೋಲ್ ಸೀದಾ ಗೆದ್ದು ಬಿಡ್ತು ಅನಕೋಬ್ಯಾಡ್ರಿ. ತಾಸಿಗೆ ನೂರು ಕಿಲೋಮೀಟರ್ ಮೊದಲು ದಾಟಿದ್ದು ಬ್ಯಾಟರಿ ಗಾಡಿ. 1899ರಾಗ ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಜಿ ಅದನ್ನ ಓಡಿಸಿದ. 1900ರಾಗ ಅಮೆರಿಕಾದೊಳಗ ತಯಾರಾದ ಸುಮಾರು 4,200 ಗಾಡಿಯೊಳಗ ಉಗಿಯಿಂದ ಓಡೂವು 1,681, ಕರೆಂಟಿನವು 1,575, ಪೆಟ್ರೋಲಿನವು ಬರೇ 936. ಪೆಟ್ರೋಲ್ ಗಾಡಿ ಚಾಲೂ ಮಾಡಲಿಕ್ಕೆ ಮುಂದ ನಿಂತು ಕಬ್ಬಿಣದ ಹ್ಯಾಂಡಲ್ ತಿರುವಬೇಕಿತ್ತು. ಅದು ತಿರುಗಿ ಹೊಡದು ಕೈ ಮುರಕೊಂಡೋರು ಎಷ್ಟೋ ಮಂದಿ. ಬ್ಯಾಟರಿ ಗಾಡಿಗೆ ಹೊಗಿ ಇಲ್ಲ, ವಾಸನಿ ಇಲ್ಲ, ಸಪ್ಪಳ ಇಲ್ಲ. ಹಿಂಗಾಗಿ ಅದು ಹೆಂಗಸರ ಗಾಡಿ ಅಂತ ಹೆಸರಾತು, ಜಾಹೀರಾತೂ ಹಂಗ ಬಂದ್ವು. ಪೆಟ್ರೋಲ್ ಕಾರು ಮಾಡಿ ಲೋಕಕ್ಕೆಲ್ಲಾ ಹಂಚಿದ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಸ್ವತಃ ಓಡಿಸತಿದ್ದದ್ದು ಯಾವ ಕಾರು ಗೊತ್ತದ ಏನು? ಬ್ಯಾರೆ ಕಂಪನಿಯ ಬ್ಯಾಟರಿ ಕಾರು, ಡೆಟ್ರಾಯಿಟ್ ಎಲೆಕ್ಟ್ರಿಕ್! ಆಕಿ 1914ರ ಕಾರು ಇವತ್ತೂ ಅಲ್ಲಿನ ಮ್ಯೂಸಿಯಮ್ಮಿನಾಗ ಅದ. ಮನಿಯಾಕಿಗೆ ಚಲೋ ಯಾವುದು ಅಂತ ಫೋರ್ಡ್‌ಗ ಗೊತ್ತಿತ್ತು ಅಂತಾತು. ಎಡಿಸನ್ ಜೋಡಿ ಕೂಡಿ ಸೋವಿ ಬ್ಯಾಟರಿ ಕಾರು ಮಾಡಲಿಕ್ಕೂ ಹೊಂಟಿದ್ದ, ಅದು ಕೈಗೂಡಲಿಲ್ಲ.

ಮತ್ಯಾಕ ಸೋತಿತು? 1912ರಾಗ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು, ಹ್ಯಾಂಡಲ್ ತಿರುವೂ ಕಾಟ ತಪ್ಪಿತು. ಆ ಸ್ಟಾರ್ಟರ್ ನಡಿಯೋದು ಬ್ಯಾಟರಿ ಮ್ಯಾಲೆ. ಬ್ಯಾಟರಿ ಗಾಡಿಯನ್ನ ಮುಳುಗಿಸಿದ್ದು ಬ್ಯಾಟರಿನೇ, ನೋಡ್ರಿ ಮಜಾ! ಅದೇ ಕಾಲಕ್ಕ ಪೆಟ್ರೋಲ್ ಕಾರು 650 ಡಾಲರಿಗೆ ಸಿಕ್ರ ಬ್ಯಾಟರಿ ಕಾರು 1,750. ಟೆಕ್ಸಾಸ್‌ದಾಗ ನೆಲದೊಳಗಿಂದ ಎಣ್ಣಿ ಉಕ್ಕಿ ಬರಲಿಕ್ಕತ್ತಿತ್ತು. ಹಳ್ಳಿಗಂತೂ ಕರೆಂಟ್ ಮುಟ್ಟಿರಲೇ ಇಲ್ಲ, 1930ರ ಸುಮಾರಿಗೂ ಅಲ್ಲಿ ಹತ್ತು ರೈತರ ಮನಿಯೊಳಗ ಒಂದರಾಗ ದೀಪ. ಪೆಟ್ರೋಲ್ ಆದ್ರ ಡಬ್ಬಿಯೊಳಗ ಎಲ್ಲೆಗೂ ಹೋಗ್ತದ. ಅಂದ್ರ ಗಾಡಿ ಕೆಟ್ಟದ್ದಂತ ಸೋಲಲಿಲ್ಲ, ತುಟ್ಟಿ ಆತು, ಉಣಸಾವರು ದೂರ ಇದ್ರು.

ಗೆದ್ದ ಪೆಟ್ರೋಲೂ ಕಾಯಂ ಅಲ್ಲ. ಎರಡನೇ ಮಹಾಯುದ್ಧದಾಗ ನಮ್ಮ ದೇಶಕ್ಕ ಪೆಟ್ರೋಲ್ ರೇಶನ್ ಬಂದ ಕೂಡಲೇ ಬಸ್ಸಿಗೆ ಇದ್ದಲಿ ಗ್ಯಾಸ್ ಹಚ್ಚಿದ್ರು. ಹಿತ್ತಲದಾಗ ನೀರು ಕಾಸೂ ಬಂಬಿನಂಥಾ ಡ್ರಮ್ಮು ಬಸ್ಸಿನ ಹಿಂದ, ಅದರಾಗ ಇದ್ದಲಿ. ಕ್ಲೀನರ್ ಮೊದಲೇ ಬಂದು ಗಾಳಿ ಹೊಡದು ಉರಿ ಎಬ್ಬಿಸಬೇಕು. ಗಾಳಿ ಅಷ್ಟಕ್ಕಷ್ಟೇ ಬಿಟ್ರ ಇದ್ದಲಿ ಪೂರಾ ಸುಡೂದಿಲ್ಲ, ಕಾರ್ಬನ್ ಮಾನಾಕ್ಸೈಡ್ ಬರ್ತದ, ಅದೇ ಇಂಜಿನ್ನಿಗೆ ಊಟ. ಬಾಣಂತಿ ಕೋಣಿ ಬಾಗಲಾ ಹಾಕಿ ಒಳಗ ಶೇಗಡಿ ಇಡಬಾರದು ಅಂತಾರಲ್ಲ, ಅದೇ ವಿಷಗಾಳಿ. ಶಕ್ತಿ ಕಡಿಮಿ, ಘಟ್ಟ ಬಂತಂದ್ರ ಮಂದಿ ಇಳೀಬೇಕು. ಯುದ್ಧ ಮುಗದು ಪೆಟ್ರೋಲ್ ಬಂದ ಮ್ಯಾಲೆ ಡ್ರಮ್ಮು ಬಿಚ್ಚಿ ಒಗದ್ರು.

ಬ್ಯಾಟರಿ ಕಾರು ನಮ್ಮ ಬೆಂಗಳೂರಾಗೇ 2001ರಾಗ ರೇವಾ ಅಂತ ಬಂತು. ಲಂಡನ್ ರಸ್ತೆದಾಗ ಜಿ-ವಿಜ್ ಅಂತ ಓಡಿತು. ಸಣ್ಣ ಗಾಡಿ, ನಗೋರು ನಕ್ಕರು. ಈಗ ಬ್ಯಾಟರಿ ಸುಧಾರಿಸ್ಯಾವ, ಕರೆಂಟ್ ಊರೂರಿಗೆ ಅದ. ಹಿಂದ ಸೋತ ಕಾರಣ ಭಾಳಷ್ಟು ಉಳಿದಿಲ್ಲ.

ನನಗ ಉಳದ ಅನುಮಾನ ಒಂದ. ಹೊಗಿ ಗಾಡ್ಯಾಗ ಇಲ್ಲಂದ್ರ ಎಲ್ಲೂ ಇಲ್ಲ ಅಂತಲ್ಲ. ನಮ್ಮ ಗ್ವಾಡಿ ಪ್ಲಗ್ಗಿಗೆ ಬರೂ ಕರೆಂಟು ರಾಯಚೂರಾಗ ಕಲ್ಲಿದ್ದಲು ಸುಟ್ಟು ಬರ್ತದ, ಶರಾವತಿ ನೀರಿಂದ ಬರ್ತದ, ಪಾವಗಡದ 13,000 ಎಕರೆ ಬಿಸಲಿಂದನೂ ಬರ್ತದ. ರಾತ್ರಿ ಚಾರ್ಜಿಗೆ ಹಾಕಿದ್ರ ಪಾವಗಡ ಮಲಕೊಂಡಿರ್ತದ. ಗಂಡಸರು ಹಗಲು ಗಾಡಿ ತಗೊಂಡು ಆಫೀಸಿಗೆ ಹೋಗ್ತಾರ, ಅವರಿಗೆ ರಾತ್ರಿನೇ ಗತಿ. ಮನ್ಯಾಗ ಇರೂ ನಮ್ಮಂಥೋರ ಗಾಡಿ ಆದ್ರ ಸಂತಿ, ಗುಡಿ, ಮಕ್ಕಳ ಸಾಲಿ ಮುಗಿಸಿ ಮಧ್ಯಾಹ್ನ ಅಂಗಳದಾಗ ಖಾಲಿ ನಿಂತಿರ್ತದ. ಹಪ್ಪಳ-ಸಂಡಿಗಿ ಬಿಸಲಿಗೆ ಹಾಕೂ ಹೊತ್ತಿಗೆ ಗಾಡಿನೂ ಚಾರ್ಜಿಗೆ ಹಾಕಿಬಿಡ್ರಿ.