ಖಂಡಸ್ಫುಟಿತ ಜೀರ್ಣೋದ್ಧಾರ: ಗೋವೆಯ ಇಗರ್ಜಿಗಳ ಲೆಕ್ಕ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ಅರಸನೋ ಸಾಮಂತನೋ ದೇಗುಲಕ್ಕೆ, ಬಸದಿಗೆ ಭೂಮಿ ಬಿಡುವಾಗ ಅಂಗಭೋಗ ರಂಗಭೋಗಗಳ ಜೊತೆಗೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚವನ್ನು ಹೆಸರಿಸಿಯೇ ಬರೆಸುತ್ತಿದ್ದನು. ಆ ದತ್ತಿ ಬಹುಮಟ್ಟಿಗೆ ಗದ್ದೆ ತೋಟಗಳ ರೂಪದಲ್ಲಿದ್ದು, ವರ್ಷವರ್ಷವೂ ಹುಟ್ಟುವಳಿ ಕೊಡುತ್ತಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ನಾವು ಇಲ್ಲಿ ಗೋವೆಯ ಇಗರ್ಜಿಗಳ ಚರಿತ್ರೆಯನ್ನು ನೋಡಬಯಸುತ್ತೇವೆ.

ಪೋರ್ಚುಗೀಸರು ಬರುವ ಮುನ್ನವೇ ಗೋವೆಯ ಹಳ್ಳಿಗಳಲ್ಲಿ ಗಾಂವಕರಿ ಪದ್ಧತಿಯಿತ್ತು. ಊರ ಭೂಮಿ ಮೂಲ ಮನೆತನಗಳ ಸಮುದಾಯಕ್ಕೆ ಸೇರಿದ್ದು. ಅದರ ಹುಟ್ಟುವಳಿಯಿಂದ ಅರಸನ ತೆರಿಗೆ, ಒಡ್ಡುಗಳ ದುರಸ್ತಿ, ದೇವಸ್ಥಾನದ ಖರ್ಚು ಇವನ್ನೆಲ್ಲ ಕಳೆದು, ಉಳಿದುದನ್ನು ಹಂಚಿಕೊಳ್ಳುತ್ತಿದ್ದರು. 1526ರಲ್ಲಿ ಅಫೊನ್ಸೊ ಮೆಶಿಯಾ ಈ ಕಟ್ಟಳೆಗಳನ್ನು ಬರಹಕ್ಕಿಳಿಸಿದನು. ಅದೇ ಶತಮಾನದಲ್ಲಿ ದೇವಸ್ಥಾನಗಳನ್ನು ಕೆಡವಿ, ಅವುಗಳ ಭೂಮಿಯ ಆದಾಯವನ್ನು ಇಗರ್ಜಿಗಳಿಗೆ ತಿರುಗಿಸಲಾಯಿತು. ಇದು ನೋವಿನ ಸಂಗತಿ. ಚರಿತ್ರೆ ಬರೆಯುವವರು ಮುಚ್ಚಿಡತಕ್ಕದ್ದಲ್ಲ. ಆದರೆ ದೇವರು ಬದಲಾದರೂ ಲೆಕ್ಕದ ಕ್ರಮ ಬದಲಾಗಲಿಲ್ಲ. ಹಳ್ಳಿಯ ಇಗರ್ಜಿಯ ಹೆಂಚಿಗೂ ಸುಣ್ಣಕ್ಕೂ ಅದೇ ಗದ್ದೆಗಳೇ ಆಧಾರವಾಗಿ ಉಳಿದವು.

ರಾಜಧಾನಿಯಾದ ಹಳೆಯ ಗೋವೆಯ ಮಾತು ಬೇರೆ. 1562ರಲ್ಲಿ ಆರಂಭವಾದ ಸೆ ಕ್ಯಾಥೆಡ್ರಲಿಗೆ ಅರಸನ ಬೊಕ್ಕಸದ ಹಣ ಬಂತು. 1594ರಲ್ಲಿ ಅಸ್ತಿಭಾರ ಕಂಡ ಬೊಮ್ ಜೇಸುಸಿಗೆ ಕೊಚ್ಚಿಯ ಕಪ್ತಾನ ಜೆರೊನಿಮೊ ಮಸ್ಕರೇನ್ಯಸ್ ಉಯಿಲಿನಲ್ಲಿ ಬಿಟ್ಟ ಸ್ವತ್ತು ನೆರವಾಯಿತು; ಅವನ ಸ್ಮಾರಕ ಇಂದಿಗೂ ಒಳಗೋಡೆಯಲ್ಲಿದೆ. ಅಲ್ಲಿನ ಅಮೃತಶಿಲೆಯ ಸಮಾಧಿಪೀಠ ಇಟಲಿಯ ಟಸ್ಕನಿಯ ದೊರೆ ಮೂರನೆಯ ಕೊಸಿಮೊನ ಕಾಣಿಕೆ. ಇಂಥ ದಾನಗಳಿಂದ ಭವ್ಯವಾದ ಕಟ್ಟಡಗಳು ಎದ್ದವು. ದುರಸ್ತಿಯ ಮಾತು ಬಂದಾಗಲೇ ಕೈ ಬಿಗಿಯಾಗುವುದು ಎಲ್ಲ ಕಾಲದ ಕಥೆ. 1776ರಲ್ಲಿ ಸೆ ಕ್ಯಾಥೆಡ್ರಲಿನ ಒಂದು ಗೋಪುರ ಬಿದ್ದಿತು. ಅದನ್ನು ಮರಳಿ ಯಾರೂ ಕಟ್ಟಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ಸಂತ ಅಗಸ್ಟಿನರ ಮಠದ್ದು. 1835ರಲ್ಲಿ ಸರಕಾರವು ಸನ್ಯಾಸಿ ಸಂಘಗಳನ್ನು ಹೊರಹಾಕಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡಿತು. ಬೀಗ ಹಾಕಿದ ಕಟ್ಟಡದ ಕಮಾನುಛಾವಣಿ 1842ರಲ್ಲಿ ಕುಸಿಯಿತು. ಎರಡು ಶತಮಾನಗಳಿಗೂ ಮಿಕ್ಕಿ ನಿಂತ ಛಾವಣಿ ಉಪೇಕ್ಷೆಯ ಏಳು ಮಳೆಗಾಲಗಳನ್ನು ತಾಳಲಿಲ್ಲ. 1931ರಲ್ಲಿ ಗೋಪುರದ ಬಹುಭಾಗವೂ ಉರುಳಿತು. ಅದರ ಗಂಟೆ ಈಗ ಪಣಜಿಯ ಇಗರ್ಜಿಯಲ್ಲಿದೆ.

ಗೋವೆಯ ಕಟ್ಟಡಗಳು ಜಂಬಿಟ್ಟಿಗೆಯವು. ಆ ಕಲ್ಲು ನೀರು ಕುಡಿಯುತ್ತದೆ. ಸುಣ್ಣದ ಗಾರೆಯೇ ಅದರ ಹೊದಿಕೆ. 1950ರ ದಶಕದಲ್ಲಿ ಬೊಮ್ ಜೇಸುಸಿನ ಹೊರಗಾರೆಯನ್ನು ಪ್ರಾಚೀನತೆ ಕಾಣಲೆಂದು ಕೆರೆದು ತೆಗೆದರು. ಅದನ್ನು ಮತ್ತೆ ಬಳಿಯಬೇಕೇ ಬೇಡವೇ ಎಂಬ ಚರ್ಚೆ ಇನ್ನೂ ನಡೆದಿದೆ. ಬಳಿಯಬೇಕೆಂಬುದೇ ನಮ್ಮ ಅಭಿಪ್ರಾಯ.

1961ರ ನಂತರ ಹಳೆಯ ಗೋವೆಯ ಪ್ರಮುಖ ಕಟ್ಟಡಗಳು ಕೇಂದ್ರ ಪುರಾತತ್ವ ಇಲಾಖೆಯ ಪಾಲಿಗೆ ಬಂದವು; 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿದವು. ವಿದೇಶೀ ಪ್ರತಿಷ್ಠಾನಗಳೂ ಕೈಹಾಕಿದವು. 1994ರಲ್ಲಿ ರಾಶೋಲಿನಲ್ಲಿ ತೆರೆದ ಕ್ರೈಸ್ತ ಕಲಾ ಸಂಗ್ರಹಾಲಯಕ್ಕೆ ಇಂಟ್ಯಾಕ್ ಸಂಸ್ಥೆಯೂ ಲಿಸ್ಬನ್ನಿನ ಗುಲ್ಬೆಂಕಿಯನ್ ಪ್ರತಿಷ್ಠಾನವೂ ನೆರವಾದವು. ಅದೀಗ ಹಳೆಯ ಗೋವೆಯ ಸಾಂತಾ ಮೋನಿಕಾ ಮಠದಲ್ಲಿದೆ.

ಹಳ್ಳಿಯ ಇಗರ್ಜಿಗೆ ಆ ಭಾಗ್ಯವಿಲ್ಲ. 1964ರ ಗೇಣಿ ಕಾಯಿದೆ ಮತ್ತು 1976ರ ತಿದ್ದುಪಡಿಯಿಂದ ಉಳುವವನಿಗೆ ನ್ಯಾಯ ದೊರೆಯಿತು, ದೊರೆಯಬೇಕಾದದ್ದೇ. ಆದರೆ ಗಾಂವಕರಿಯ ಹುಟ್ಟುವಳಿ ಬತ್ತಿತು. ಅನುದಾನ ಬೇಡಲು ನಕ್ಷೆ ಬೇಕು, ತಜ್ಞರ ಅಂದಾಜುಪಟ್ಟಿ ಬೇಕು. ಅದನ್ನು ಮಾಡಿಸಲೂ ಹಣ ಬೇಕು. ಬಂದ ಅನುದಾನವೂ ಒಮ್ಮೆ ಬಂದು ಮುಗಿಯುತ್ತದೆ, ಪಾಚಿ ಮಾತ್ರ ಪ್ರತಿವರ್ಷ ಹಬ್ಬುತ್ತದೆ. ಆದ್ದರಿಂದ ಅಲ್ಲಿನ ಜನ ಫೆಸ್ತಿನ ವಂತಿಗೆಯನ್ನೂ ಕೊಲ್ಲಿ ದೇಶಗಳಿಂದ ಮಕ್ಕಳು ಕಳುಹಿಸುವ ಹಣವನ್ನೂ ನೆಚ್ಚಿಕೊಂಡಿದ್ದಾರೆ. ಮಳೆ ನಿಂತೊಡನೆ ಆ ಹಣದಿಂದಲೇ ಹೆಂಚು ಬದಲಾಗುತ್ತದೆ, ಗೋಡೆಗೆ ಸುಣ್ಣ ಬೀಳುತ್ತದೆ. ಏಣಿ ಹತ್ತುವವರಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ನಮ್ಮವರೂ ಇರುತ್ತಾರೆ.