ಇಕ್ಕಳದಿಂದ ಮಾತ್ರೆಯವರೆಗೆ: ಮಕ್ಕಳ ತಲೆಯ ಹುಳುಕಡ್ಡಿ

ಮಕ್ಕಳ ನೆತ್ತಿಯ ಹುಳುಕಡ್ಡಿಗೆ ಶಿಲೀಂಧ್ರ ಕಾರಣವೆಂದು 1840ರ ದಶಕದಲ್ಲಿ ಪ್ಯಾರಿಸ್‌ನ ವೈದ್ಯ ಡೇವಿಡ್ ಗ್ರೂಬಿ ಸೂಕ್ಷ್ಮದರ್ಶಕದಿಂದ ತೋರಿಸಿಕೊಟ್ಟರು. ಕಾರಣ ತಿಳಿಯಿತು, ಮದ್ದು ಸಿಗಲಿಲ್ಲ. ಶಿಲೀಂಧ್ರ ಕೂದಲಿನ ಬುಡದೊಳಗೆ ಇಳಿದಿರುವುದರಿಂದ ಮೇಲೆ ಹಚ್ಚಿದ ಮುಲಾಮು ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಕೂದಲು ಕೀಳುವುದೇ ಚಿಕಿತ್ಸೆಯಾಗಿತ್ತು: ಇಕ್ಕಳದಿಂದ ಒಂದೊಂದಾಗಿ, ಅದಕ್ಕೂ ಹಿಂದೆ ತಲೆಗೆ ಅಂಟಿಸಿದ ರಾಳದ ಟೋಪಿಯನ್ನು ಕಿತ್ತೆಳೆದು. ಎಳೆಯ ಮಕ್ಕಳಿಗೆ ಇದು ಬರೀ ಹಿಂಸೆ. ಸೋಂಕು ಹರಡದಿರಲೆಂದು ಅವರನ್ನು ಶಾಲೆಯಿಂದಲೂ ದೂರವಿಡುತ್ತಿದ್ದರು. ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆಂದೇ ಶಾಲೆಯೊಂದಿತ್ತು.

ಅದೇ ಆಸ್ಪತ್ರೆಯ ರೇಮಂಡ್ ಸಬೂರೋ 1904ರ ಹೊತ್ತಿಗೆ ಅಳತೆಯ ಎಕ್ಸ್‌ರೇ ಹಾಯಿಸಿ ಕೂದಲು ಉದುರಿಸುವ ಕ್ರಮವನ್ನು ರೂಢಿಗೆ ತಂದರು. ನೋವಿಲ್ಲದ ಈ ವಿಧಾನ ಹಲವು ದೇಶಗಳಿಗೆ ಹಬ್ಬಿತು. ಇಸ್ರೇಲ್‌ನಲ್ಲಿ 1950ರ ದಶಕದಲ್ಲಿ ಸಾವಿರಾರು ವಲಸೆ ಮಕ್ಕಳ ತಲೆಗೆ, ಹೆಚ್ಚಾಗಿ ಉತ್ತರ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಿಂದ ಬಂದವರಿಗೆ, ಈ ಕಿರಣ ಬಿತ್ತು. ಅವರಲ್ಲಿ ಮಿದುಳಿನ ಗೆಡ್ಡೆ, ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿರುವುದನ್ನು ಬರೂಖ್ ಮೊದಾನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದರು; ಪರಿಹಾರದ ಕಾನೂನು ಬಂದದ್ದು 1994ರಲ್ಲಿ. ಅಷ್ಟು ತಡವಾದದ್ದು ಅನ್ಯಾಯವೇ.

1939ರಲ್ಲೇ ಪೆನಿಸಿಲಿಯಂ ಬೂಷ್ಟಿನಿಂದ ಬೇರ್ಪಡಿಸಿದ್ದ ಗ್ರೈಸಿಯೋಫಲ್ವಿನ್, ಬಾಯಿಯ ಮೂಲಕ ಕೊಟ್ಟರೆ ಹುಳುಕಡ್ಡಿ ವಾಸಿಮಾಡುತ್ತದೆಂದು 1958ರಲ್ಲಿ ಗಿನಿಯಿಲಿಗಳ ಮೇಲಿನ ಪ್ರಯೋಗ ತೋರಿಸಿತು. ಔಷಧ ರಕ್ತದ ಮೂಲಕ ಬೆಳೆಯುವ ಕೂದಲನ್ನು ಸೇರುತ್ತದೆ. ಎಕ್ಸ್‌ರೇ ಮೂಲೆ ಸೇರಿತು. ಈಗ ಗ್ರೈಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಅನ್ನು ವಾರಗಟ್ಟಲೆ ಕೊಡುತ್ತಾರೆ. ಜೊತೆಗೆ ಶಿಲೀಂಧ್ರನಾಶಕ ಶಾಂಪೂ, ಬೇರೆ ಬಾಚಣಿಗೆ, ಬೇರೆ ಟವೆಲ್, ಮನೆಯ ಇತರ ಮಕ್ಕಳ ತಪಾಸಣೆ. ಚಿಕಿತ್ಸೆ ಶುರುವಾದ ಮಗು ಶಾಲೆ ಬಿಡಬೇಕಾಗಿಲ್ಲ.