ಕಂಠೀರವದಲ್ಲಿ ನಡೆಯದ ತವರು ಪಂದ್ಯಗಳು: ಬೆಂಗಳೂರು ಬುಲ್ಸ್‌ನ ಆರನೇ ಆವೃತ್ತಿಯ ಒಂದು ಮರುಓದು

ಬೆಂಗಳೂರು ಬುಲ್ಸ್ ಕಪ್ ಎತ್ತಿದ ಪ್ರೊ ಕಬಡ್ಡಿಯ ಆರನೇ ಆವೃತ್ತಿಯ (2018–19) ಬಗ್ಗೆ ಹಿರಿಯರೊಬ್ಬರು ಬರೆದ ಲೇಖನದ ಒಂದು ವಾಕ್ಯ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಸೇರಿದ ಕನ್ನಡಿಗರ ಕೂಗೇ ಆ ವರ್ಷ ಗೂಳಿಗಳ ಕೊಂಬಿಗೆ ಬಲ ಕೊಟ್ಟಿತು ಎಂಬುದು ಅದರ ತಾತ್ಪರ್ಯ. ಹೆಸರು ಹೇಳುವುದಿಲ್ಲ, ಅವರಿಂದ ಕಲಿತದ್ದು ಬಹಳ ಇದೆ. ಆದರೆ ಆ ವರ್ಷ ಬುಲ್ಸ್‌ನ ತವರು ಪಂದ್ಯಗಳು ಕಂಠೀರವದಲ್ಲಿ ನಡೆಯಲೇ ಇಲ್ಲ. ನಡೆದದ್ದು ಪುಣೆಯ ಬಾಲೇವಾಡಿಯಲ್ಲಿ, ಶಿವ ಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ.

ತಪ್ಪಿನ ಮೂಲ ಪತ್ತೆ ಮಾಡುವುದು ಕಷ್ಟವಲ್ಲ. ಲೀಗಿನ ಆಗಿನ ರೂಢಿಯಲ್ಲಿ ಪ್ರತಿ ತಂಡಕ್ಕೂ ವಾರದ ಮಟ್ಟಿಗೆ ಒಂದು ‘ಚರಣ’ ಇತ್ತು. ಆ ಚರಣಕ್ಕೆ ತಂಡದ ಊರಿನ ಹೆಸರು. ‘ಬೆಂಗಳೂರು ಚರಣ’ ಎಂದು ಕಂಡ ಕೂಡಲೇ ನಮ್ಮ ಹಿರಿಯರು ಅದನ್ನು ಸ್ಥಳನಾಮ ಎಂದು ಓದಿದರು. ಅದು ಸ್ಥಳನಾಮವಲ್ಲ, ಒಡೆತನದ ಹೆಸರು. ಆ ವಾರ ಆತಿಥೇಯ ಯಾರು ಎಂದು ಹೇಳುತ್ತದೆಯೇ ಹೊರತು, ಮ್ಯಾಟ್ ಎಲ್ಲಿ ಹಾಸಿದರು ಎಂದಲ್ಲ.

ಈ ವ್ಯತ್ಯಾಸ ಉತ್ತರ ಕನ್ನಡದ ನಮ್ಮ ಮಂಚಿಕೇರಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮೇಳಕ್ಕೆ ಇಡಗುಂಜಿಯ ಗಣಪತಿಯ ಹೆಸರು. ಆ ಮೇಳ ಘಟ್ಟ ಹತ್ತಿ ಬಂದು ಯಲ್ಲಾಪುರ ಸೀಮೆಯಲ್ಲಿ ರಂಗ ಏರಿದರೆ, ಆಟ ಇಡಗುಂಜಿಯಲ್ಲಿ ಆಯಿತೆಂದು ಯಾರಾದರೂ ಬರೆಯುತ್ತಾರೆಯೇ? ಹೆಸರು ದೇವರದ್ದು, ಆಟ ಬಯಲಿನದ್ದು. ಪ್ರೊ ಕಬಡ್ಡಿಯೂ ಆಗ ಬಹುಮಟ್ಟಿಗೆ ಒಂದು ತಿರುಗಾಟವೇ ಆಗಿತ್ತು: ಹನ್ನೆರಡು ತಂಡಗಳು ಊರಿಂದ ಊರಿಗೆ ಒಟ್ಟಾಗಿ ಸಾಗುತ್ತಿದ್ದವು. 22 ಲೀಗ್ ಪಂದ್ಯಗಳಲ್ಲಿ ‘ತವರು’ ಎಂದು ಲೆಕ್ಕಕ್ಕೆ ಸಿಗುತ್ತಿದ್ದುದೇ ಬೆರಳೆಣಿಕೆಯಷ್ಟು. (ತವರಿನ ಬಲದ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಲೆಕ್ಕವನ್ನಾದರೂ ಮೊದಲು ಮಾಡಬಹುದಿತ್ತು.)

ತವರು ಪಂದ್ಯಗಳು ಕಂಠೀರವದ ಹೊರಗೆ ನಡೆದದ್ದು ಒಂದು ವರ್ಷದ ಆಕಸ್ಮಿಕವೂ ಅಲ್ಲ. ಹಿಂದಿನ ವರ್ಷ, 2017ರಲ್ಲಿ, ಬುಲ್ಸ್‌ನ ತವರು ನಾಗಪುರವಾಗಿತ್ತು. ಕಂಠೀರವಕ್ಕೆ ತಂಡ ಮರಳಿದ್ದು 2019ರ ಏಳನೇ ಆವೃತ್ತಿಯಲ್ಲಿ. ಅಂದರೆ ಕಪ್ ಗೆದ್ದ ವರ್ಷ ಸರಿಯಾಗಿ ಆ ವನವಾಸದೊಳಗೇ ಬರುತ್ತದೆ.

ಇಲ್ಲಿ ಎದುರಿನ ಪಕ್ಷದವರು ಒಂದು ಮಾತು ಎತ್ತಬಹುದು: ಹಾಗಾದರೆ ತವರಿಲ್ಲದ್ದೇ ಛಲ ತುಂಬಿತೇ? ಆ ಕಥೆ ಕೇಳಲು ಚೆನ್ನ. ನಾಗಪುರದ ವರ್ಷ ಅದನ್ನು ಅಲ್ಲಿಗೇ ಮುಗಿಸುತ್ತದೆ. ಆಗಲೂ ತವರಿರಲಿಲ್ಲ, ತಂಡ ಪ್ಲೇ ಆಫ್ ಮುಟ್ಟಲಿಲ್ಲ. ತವರಿನ ಬಲ ಸಾಧಿಸಲು ಹೊರದೇಶದ ನಿದರ್ಶನ ತರುವವರಿಗೆ ಒಂದು ಕೈಗೆ ಸಿಗುತ್ತದೆ. ಅಮೆರಿಕನ್ ಫುಟ್‌ಬಾಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ 2005ರಲ್ಲಿ ಕತ್ರೀನಾ ಚಂಡಮಾರುತದಿಂದ ತನ್ನ ಸೂಪರ್‌ಡೋಮ್ ಕಳೆದುಕೊಂಡಿತು. ಮೊದಲ ‘ತವರು’ ಪಂದ್ಯವನ್ನು ಎದುರಾಳಿ ನ್ಯೂಯಾರ್ಕ್ ಜೈಂಟ್ಸ್‌ನ ಅಂಗಳದಲ್ಲೇ ಆಡಬೇಕಾಯಿತು. ಉಳಿದವು ಸ್ಯಾನ್ ಆಂಟೋನಿಯೊ ಮತ್ತು ಬ್ಯಾಟನ್ ರೂಜ್‌ನಲ್ಲಿ. ಆ ವರ್ಷ ಅವರು ಗೆದ್ದದ್ದು 3, ಸೋತದ್ದು 13. 2006ರ ಸೆಪ್ಟೆಂಬರ್ 25ರಂದು ಸೂಪರ್‌ಡೋಮ್‌ಗೆ ಮರಳಿ ಅಟ್ಲಾಂಟಾವನ್ನು 23–3ರಿಂದ ಹೊಡೆದರು. ಇದನ್ನು ತಂದು ಬುಲ್ಸ್ ಪಕ್ಕ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ಸೇಂಟ್ಸ್ ಆಟಗಾರರ ಮನೆಗಳೇ ನೀರಿನಲ್ಲಿದ್ದ ಕಾಲ ಅದು. ನಮ್ಮದು ಬರಿಯ ಕ್ರೀಡಾಂಗಣ ಸಿಗದ ತೊಂದರೆ. ಅಲ್ಲದೆ ಬೆಂಗಳೂರು ಈ ಆಟಗಾರರ ಹುಟ್ಟೂರೂ ಅಲ್ಲ: ನಾಯಕ ರೋಹಿತ್ ಕುಮಾರ್ ದೆಹಲಿಯವರು, ಮುಖ್ಯ ರೈಡರ್ ಪವನ್ ಸೆಹ್ರಾವತ್ ದೆಹಲಿಯವರು, ಕಾಶಿಲಿಂಗ್ ಅಡಕೆ ಸಾಂಗ್ಲಿಯವರು. ಸಾಂಗ್ಲಿಯವನಿಗೆ ಪುಣೆ ಪರಸ್ಥಳವೇ?

ನಿಜವಾದ ಪರೀಕ್ಷೆ 2019ರದ್ದು. ಅದನ್ನು ಯಾರೂ ಈ ಚರ್ಚೆಗೆ ತಂದಿಲ್ಲವೆಂಬುದು ನನಗೆ ಅಚ್ಚರಿ. ಕಂಠೀರವ ಇತ್ತು, ಕೂಗು ಇತ್ತು. ಪವನ್ ಕೂಡ ಇದ್ದರು, ಇನ್ನೂ ಎತ್ತರದಲ್ಲಿ: ಆರನೇ ಆವೃತ್ತಿಯಲ್ಲಿ 271 ರೈಡ್ ಅಂಕ, ಏಳರಲ್ಲಿ 346, ಅದರಲ್ಲೂ ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39. ಆದರೂ ಸೆಮಿಫೈನಲ್‌ನಲ್ಲಿ ದಬಂಗ್ ದೆಹಲಿ 44–38ರಿಂದ ಮನೆಗೆ ಕಳಿಸಿತು. ತವರಿನ ವಾದ ಇಲ್ಲಿಗೆ ಮುಗಿಯಿತು. ಅದರ ಜೊತೆಗೆ ‘ಪವನ್ ಒಬ್ಬನೇ ಗೆಲ್ಲಿಸಿದ’ ಎಂಬ ವಾದವೂ ಮುಗಿಯಿತು. ಎಂಟನೇ ಆವೃತ್ತಿಯಂತೂ ಇಡಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಬುಲ್ಸ್ ಮತ್ತೆ ಸೆಮಿಫೈನಲ್‌ನಲ್ಲೇ ನಿಂತಿತು.

ಪವನ್ ವಾದಿಗಳು 2019ರ ಜನವರಿ 5ರ ಫೈನಲ್ ಮುಂದಿಡುತ್ತಾರೆ. ಮುಂಬೈಯಲ್ಲಿ ಗುಜರಾತ್ ಫಾರ್ಚೂನ್ ಜೈಂಟ್ಸ್ ಎದುರು 38–33. ಪವನ್‌ದೇ 22 ಅಂಕ. ಹಿಂದಿನ ವರ್ಷ ಇದೇ ಗುಜರಾತಿನ ಬೆಂಚಿನಲ್ಲಿ ಹೆಚ್ಚುಕಡಿಮೆ ಮರೆತುಹೋಗಿದ್ದ ಹುಡುಗ ಅವನು. ಕಥೆಗೆ ಇದಕ್ಕಿಂತ ಏನು ಬೇಕು! ಅಡಿಕೆ ಕೊಯ್ಲಿನ ದಿನಗಳು. ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದವರ ಕೈ ಆ ರಾತ್ರಿ ನಮ್ಮ ಮನೆಯಲ್ಲೂ ನಿಂತುಹೋಗಿತ್ತು. ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಅಂಕಪಟ್ಟಿಯನ್ನು ಅರ್ಧಕ್ಕೆ ಮಡಚಿ ನೋಡಿ. ವಿರಾಮದ ಹೊತ್ತಿಗೆ ಬುಲ್ಸ್ 9, ಗುಜರಾತ್ 16. ಎರಡನೇ ಅರ್ಧದಲ್ಲಿ ಬುಲ್ಸ್ 29, ಗುಜರಾತ್ 17. ಒಂದೇ ಇಪ್ಪತ್ತು ನಿಮಿಷದಲ್ಲಿ 29! ಕಬಡ್ಡಿಯ ನಿಯಮ ಬಲ್ಲವರಿಗೆ ಇದರ ಅರ್ಥ ಬೇರೆ. ಔಟಾದ ರೈಡರ್ ಬೆಂಚಿನಲ್ಲಿ ಕೂತಷ್ಟು ಹೊತ್ತು ಅವನಿಂದ ಸೊನ್ನೆ. ಅವನು ಮತ್ತೆ ಮ್ಯಾಟಿಗೆ ಬರಬೇಕಾದರೆ ಉಳಿದವರು ಎದುರಾಳಿಯೊಬ್ಬನನ್ನು ಔಟ್ ಮಾಡಬೇಕು. ಹಾಗಾಗಿ ಪವನ್‌ನ ಅಂಕಗಳ ಹಿಂದೆ ಕಾಲು ಹಿಡಿದವನೂ ಸೊಂಟ ಹಿಡಿದವನೂ ಇದ್ದಾರೆ. ಎದುರಾಳಿಯನ್ನು ಪೂರ್ತಿ ಖಾಲಿ ಮಾಡಿದಾಗ ಸಿಗುವ ಲೋನಾದ ಎರಡು ಅಂಕ ಯಾವ ಒಬ್ಬನ ಖಾತೆಗೂ ಜಮೆಯಾಗುವುದಿಲ್ಲ, ತಂಡಕ್ಕೇ. 22ನ್ನು 38ರಿಂದ ಕಳೆದು ಉಳಿದ 16ನ್ನು ಕಸ ಎಂದು ಗುಡಿಸಿಬಿಡುವ ಬರವಣಿಗೆಯನ್ನು ಇತಿಹಾಸ ಎನ್ನಲಾರೆ.

ಆ ತಂಡದ ಆಟದ ಯೋಜನೆ ಮಾಡುತ್ತಿದ್ದವರು ಯಾರು? ಮುಖ್ಯ ಕೋಚ್ ರಣಧೀರ್ ಸಿಂಗ್. ಮೊದಲ ಆವೃತ್ತಿಯಿಂದಲೂ ತಂಡ ಅವರ ಕೈಯಲ್ಲಿತ್ತು. ಆ ವರ್ಷ ಅವರ ಪಕ್ಕದಲ್ಲಿ ಬಿ.ಸಿ. ರಮೇಶ್ ಇದ್ದರು: ಕರ್ನಾಟಕದ ಆಟಗಾರ, ಅರ್ಜುನ ಪ್ರಶಸ್ತಿ ಪುರಸ್ಕೃತ. ಕನ್ನಡಿಗರ ಕೊಡುಗೆಯನ್ನು ಗ್ಯಾಲರಿಯ ಕೂಗಿನಲ್ಲಿ ಹುಡುಕಿದ ನಮ್ಮ ಹಿರಿಯರಿಗೆ, ಕೋಚ್‌ಗಳ ಬೆಂಚಿನಲ್ಲಿ ಕೂತಿದ್ದ ಕನ್ನಡಿಗ ಕಾಣಲೇ ಇಲ್ಲ. (ಲೇಖನದಲ್ಲಿ ಅವರಿಗೆ ಸಿಕ್ಕಿದ್ದು ‘ಸಹಾಯಕ ಸಿಬ್ಬಂದಿ’ ಎಂಬ ಎರಡು ಪದ.) ಮರುವರ್ಷ ರಮೇಶ್ ಬುಲ್ಸ್ ಬಿಟ್ಟು ಬೆಂಗಾಲ್ ವಾರಿಯರ್ಸ್ ಸೇರಿದರು. 2019ರ ಅಕ್ಟೋಬರ್ 19ರಂದು ಆ ತಂಡ ದಬಂಗ್ ದೆಹಲಿಯನ್ನು 39–34ರಿಂದ ಸೋಲಿಸಿ ಕಪ್ ಗೆದ್ದಿತು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಹರಿಯಾಣವನ್ನು 28–25ರಿಂದ ಮಣಿಸಿದಾಗಲೂ ಕೋಚ್ ಅವರೇ.

ಇಷ್ಟರಿಂದ ಕಪ್ ರಮೇಶರದ್ದೇ ಎಂದು ಸಾಧಿಸಿದಂತಾಗುವುದಿಲ್ಲ. ನನ್ನ ಪಕ್ಷಪಾತ ನನಗೆ ಗೊತ್ತು, ಮತ್ತು ನಾಕೌಟ್ ಪಂದ್ಯದಲ್ಲಿ ಒಂದು ಬೋನಸ್ ಗೆರೆ ಕೂಡ ವರ್ಷದ ಶ್ರಮವನ್ನು ತಿರುಗಿಸಬಲ್ಲದು. ಆದರೆ ಕ್ರೀಡಾಂಗಣ ಮತ್ತು ಪವನ್ ಎರಡೂ ಇದ್ದ ವರ್ಷ ಕಪ್ ಬರಲಿಲ್ಲ. ಹೊರಟುಹೋದವರ ಹಿಂದೆಯೇ ಅದು ಕೋಲ್ಕತ್ತಕ್ಕೆ ಹೋಯಿತು. 2025ರಲ್ಲಿ ರಮೇಶ್ ಮುಖ್ಯ ಕೋಚ್ ಆಗಿ ಬುಲ್ಸ್‌ಗೆ ಮರಳಿದರು. ಹಿರಿಯರ ಲೇಖನ ಮರುಮುದ್ರಣವಾಗುವುದಿದ್ದರೆ ‘ಕಂಠೀರವ’ ಹೊಡೆದು ‘ಬಾಲೇವಾಡಿ’ ಎಂದು ಬರೆಯುವಾಗ, ‘ಸಹಾಯಕ ಸಿಬ್ಬಂದಿ’ ಎಂಬ ಆ ಎರಡು ಪದಗಳ ಜಾಗದಲ್ಲಿ ಒಂದು ಹೆಸರನ್ನೂ ಸೇರಿಸಲಿ.